ಎಂ.ಎಸ್ಸಿ ಕೆಮಿಸ್ಟ್ರಿಯಿಂದ ಔಷಧ ಸಂಶೋಧನೆಗೆ: ಅಧ್ಯಯನ ಮಂಡಳಿಗಳಿಗೊಂದು ಬಹಿರಂಗ ಪತ್ರ

ಅಧ್ಯಕ್ಷರು ಮತ್ತು ಸದಸ್ಯರಿಗೆ,
ರಸಾಯನಶಾಸ್ತ್ರ ಅಧ್ಯಯನ ಮಂಡಳಿಗಳು,
ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳು

ಮಾನ್ಯರೇ,

ಲ್ಯಾಬಿನಲ್ಲಿ ಹುಟ್ಟಿದ ಅಣುವನ್ನು ರೋಗಿಯವರೆಗೆ ಒಯ್ಯುವ ಸಂಶೋಧನೆಯಲ್ಲಿ, ಅಂದರೆ ಟ್ರಾನ್ಸ್‌ಲೇಷನಲ್ ಬಯೋಮೆಡಿಕಲ್ ರಿಸರ್ಚ್‌ನಲ್ಲಿ, ಕೆಮಿಸ್ಟ್ರಿ ಓದಿದವರಿಗೆ ಜಾಗ ಇದೆಯೇ ಎಂದು ಎಂ.ಎಸ್ಸಿ ಮುಗಿಸುತ್ತಿರುವ ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಇದೆ. ಬೆಂಗಳೂರಿನಲ್ಲೇ ಬೇಕಾದಷ್ಟಿದೆ. ಆದರೆ ನಮ್ಮ ಪಠ್ಯಕ್ರಮ ಅವರನ್ನು ಆ ಬಾಗಿಲವರೆಗೆ ಕರೆದೊಯ್ಯದೆ ಅರ್ಧ ದಾರಿಯಲ್ಲೇ ಬಿಡುತ್ತದೆ. ಜೀವಶಾಸ್ತ್ರದ ಪಾಠ ಸಾಲದು ಎಂದು ಹಲವರು ಇದಕ್ಕೆ ಕಾರಣ ಕೊಡುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಕೊರತೆ ಇರುವುದು ರಸಾಯನಶಾಸ್ತ್ರದಲ್ಲೇ. ಅಣುವನ್ನು ತಯಾರಿಸಿ ಶೀಶೆಗೆ ತುಂಬಿ ಮುಚ್ಚಳ ಹಾಕುವವರೆಗಿನ ರಸಾಯನಶಾಸ್ತ್ರವನ್ನು ಚೆನ್ನಾಗಿಯೇ ಕಲಿಸುತ್ತೇವೆ. ಮುಚ್ಚಳ ತೆಗೆದ ಮೇಲೆ ಆ ಅಣುವಿಗೆ ಏನಾಗುತ್ತದೆ ಎಂಬ ರಸಾಯನಶಾಸ್ತ್ರವನ್ನು ಕಲಿಸುವುದೇ ಇಲ್ಲ.

ಪದವಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿರುವುದರಿಂದ, ಹೆಚ್ಚಿನವರಿಗೆ ಸಂಶೋಧನೆಯ ಪರಿಚಯ ಆಗುವುದು ಎಂ.ಎಸ್ಸಿಯ ಕೊನೆಯ ಪ್ರಾಜೆಕ್ಟಿನಲ್ಲಿ ಮಾತ್ರ. ಆ ಪ್ರಾಜೆಕ್ಟಿನ ಸಾಮಾನ್ಯ ರೂಪ ತಮಗೆ ಗೊತ್ತಿರುವುದೇ. ಒಂದು ಚಾಲ್ಕೋನ್ ಅಥವಾ ಶಿಫ್ ಬೇಸ್ ಸರಣಿ (ಎರಡೂ ಸುಲಭವಾಗಿ ತಯಾರಾಗುವ ಸಾವಯವ ಸಂಯುಕ್ತಗಳು), ಆರೆಂಟು ಸಂಯುಕ್ತಗಳು, ರಚನೆ ಖಚಿತಪಡಿಸಲು ಐಆರ್, ಎನ್‌ಎಂಆರ್, ಅಣು ಪ್ರೋಟೀನಿನಲ್ಲಿ ಹೇಗೆ ಕೂರಬಹುದು ಎಂದು ಕಂಪ್ಯೂಟರಿನಲ್ಲಿ ಊಹಿಸುವ ಡಾಕಿಂಗ್, ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಯದ ವರ್ತುಲದ ಅಳತೆ, ದುಡ್ಡು ಹೊಂದಿದರೆ ಹೊರಗಿನ ಲ್ಯಾಬಿನಿಂದ ತರಿಸಿದ, ಕೋಶಗಳು ಬದುಕಿವೆಯೇ ಎಂದು ಅಳೆಯುವ ಎಂಟಿಟಿ ಪರೀಕ್ಷೆಯ ಒಂದು ಪುಟ. ಕೊನೆಯಲ್ಲಿ, ಸಂಯುಕ್ತಗಳು ಕ್ಯಾನ್ಸರ್ ಕೋಶಗಳ ಮೇಲೆ ಉತ್ತಮ ಪರಿಣಾಮ ತೋರಿಸಿವೆ ಎಂಬ ಷರಾ. ಆ ಷರಾ ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹಲವಿವೆ. ಅವನ್ನು ಕೇಳಲು ಬರುವ ಕೆಮಿಸ್ಟ್‌ಗಳನ್ನೇ ಔಷಧ ಸಂಶೋಧನೆಯ ತಂಡಗಳು ಹುಡುಕುತ್ತಿರುತ್ತವೆ.

ಮೊದಲನೆಯದು ತೂಕ. ಅಣುತೂಕ 350 ಇರುವ ಸಂಯುಕ್ತದ 3.5 ಮಿಲಿಗ್ರಾಂ ಅನ್ನು 1 ಮಿಲಿಲೀಟರ್ ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್, ಅಂದರೆ ತೆಳು ಮಾಡಿ ಬಳಸುವ ಮೂಲ ದ್ರಾವಣ, ಸಿಗುತ್ತದೆ. ಜಗತ್ತಿನ ಬಹುತೇಕ ಔಷಧ ಲ್ಯಾಬ್‌ಗಳಲ್ಲಿ ಎಲ್ಲವೂ ಶುರುವಾಗುವುದು ಇಲ್ಲಿಂದ. ಅದೇ ಸಂಯುಕ್ತ ಹೈಡ್ರೋಕ್ಲೋರೈಡ್ ಲವಣವಾಗಿದ್ದರೆ ಅಣುತೂಕ 386.5. ಲವಣವನ್ನು ಮರೆತು 3.5 ಮಿಲಿಗ್ರಾಂ ತೂಗಿದರೆ ಸ್ಟಾಕ್ ಸುಮಾರು 9 ಮಿಲಿಮೋಲಾರ್ ಮಾತ್ರ. ಸಿಲಿಕಾ ಕಾಲಮ್ಮಿನಲ್ಲಿ ಶುದ್ಧಮಾಡಿದ ಮೇಲೆ ಸರಿಯಾಗಿ ಒಣಗಿಸದ ಪುಡಿಯಲ್ಲಿ ಉಳಿದ ಈಥೈಲ್ ಅಸಿಟೇಟ್ ದ್ರಾವಕ ಕೂಡ ತೂಕಕ್ಕೆ ಸೇರಿಕೊಳ್ಳುತ್ತದೆ. ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ 99 ಶೇಕಡಾ ಶುದ್ಧ ಎಂದು ಬಂದರೂ ಇದು ಕಾಣುವುದಿಲ್ಲ. ಯುವಿ ಡಿಟೆಕ್ಟರಿಗೆ ದ್ರಾವಕವಾಗಲಿ, ಅಜೈವಿಕ ಲವಣವಾಗಲಿ, ಕಾಲಮ್ಮಿನಿಂದ ಇಳಿದುಬಂದ ಸಿಲಿಕಾ ಆಗಲಿ ಗೋಚರಿಸದು. ಎನ್‌ಎಂಆರ್‌ನಲ್ಲಿ ಈಥೈಲ್ ಅಸಿಟೇಟಿನ ಶಿಖರಗಳು ಎದ್ದು ಕಾಣುತ್ತವೆ, ಆದರೆ ನಮ್ಮ ಪ್ರಬಂಧಗಳಲ್ಲಿ ಅವುಗಳ ಪಕ್ಕ ದ್ರಾವಕ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಆ ಶಿಖರವನ್ನು ಇಂಟಿಗ್ರೇಟ್ ಮಾಡಿ ತೂಕದಲ್ಲಿ ಅದರ ಪಾಲೆಷ್ಟು ಎಂದು ಲೆಕ್ಕ ಹಾಕುವುದು ಅರ್ಧ ಗಂಟೆಯ ಕೆಲಸ. ತೆಳುಪದರದ ಮೇಲೆ ಬೇರ್ಪಡಿಸುವ ಟಿಎಲ್‌ಸಿಯಲ್ಲಿ ಒಂದೇ ಚುಕ್ಕೆ ಬಂತು ಎಂಬುದು ಜೈವಿಕ ಪರೀಕ್ಷೆಗೆ ಕಳಿಸಲು ಸಾಲದು. ಎಚ್‌ಪಿಎಲ್‌ಸಿಯಲ್ಲಿ ಕನಿಷ್ಠ 95 ಶೇಕಡಾ ಶುದ್ಧತೆ ಈ ಕ್ಷೇತ್ರದ ಸಾಮಾನ್ಯ ನಿಯಮ.

ಪಲ್ಲೇಡಿಯಂ ಬಳಸಿ ಅಣುವಿನ ಎರಡು ತುಣುಕು ಜೋಡಿಸುವ ಕಪ್ಲಿಂಗ್ ಇದ್ದರೆ ಇನ್ನೊಂದು ಎಚ್ಚರ ಬೇಕು. ಉಳಿದುಹೋದ ಲೋಹವೇ ಕಿಣ್ವವನ್ನು ತಡೆದು, ಸಂಯುಕ್ತ ಕೆಲಸ ಮಾಡಿತು ಎಂಬ ಭ್ರಮೆ ಹುಟ್ಟಿಸಬಲ್ಲದು. ಒಂದೇ ಸಂಯುಕ್ತದ ಎರಡು ಬ್ಯಾಚ್‌ಗಳು ಬೇರೆ ಬೇರೆ ಫಲಿತಾಂಶ ಕೊಟ್ಟಾಗ ಮೊದಲು ಸಂಶಯಪಡಬೇಕಾದದ್ದು ಇದನ್ನೇ. ಮುಂದೆ ಔಷಧವಾಗುವ ಹಂತದಲ್ಲಿ ಇದಕ್ಕೆ ಲಿಖಿತ ಮಿತಿಯೂ ಇದೆ: ಬಾಯಿಯಿಂದ ಸೇವಿಸುವ ಔಷಧದಲ್ಲಿ ಪಲ್ಲೇಡಿಯಂ ದಿನಕ್ಕೆ 100 ಮೈಕ್ರೋಗ್ರಾಂ, ಚುಚ್ಚುಮದ್ದಿನಲ್ಲಿ 10.

ಇನ್ನು ಡಿಎಂಎಸ್‌ಓ. ಅದು ಗಾಳಿಯ ತೇವವನ್ನು ಹೀರುತ್ತದೆ, 18 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಫ್ರೀಜರಿನಿಂದ ಹತ್ತಾರು ಸಲ ತೆಗೆದು ಕರಗಿಸಿ ಮತ್ತೆ ಇಟ್ಟ ಶೀಶೆಯಲ್ಲಿ ನೀರು ಸೇರಿ, ಸಂಯುಕ್ತ ತಳದಲ್ಲಿ ಕೂತಿರುತ್ತದೆ. ಮೇಲಿನ ದ್ರವ ಹೀರಿಕೊಂಡವರಿಗೆ ಏನೂ ಸಿಗದು. ಸ್ಟಾಕನ್ನು ಮೊದಲ ದಿನವೇ ಸಣ್ಣ ಸಣ್ಣ ಪಾಲು ಮಾಡಿ, ಒಂದು ಪಾಲನ್ನು ಒಂದೇ ಸಲ ಬಳಸಿದರೆ ಈ ತೊಂದರೆ ಇಲ್ಲ. 10 ಮಿಲಿಮೋಲಾರ್ ಸ್ಟಾಕನ್ನು ಸಾವಿರ ಪಟ್ಟು ತೆಳು ಮಾಡಿದರೆ ಕೋಶಗಳ ಮೇಲೆ 10 ಮೈಕ್ರೋಮೋಲಾರ್ ಸಂಯುಕ್ತವೂ 0.1 ಶೇಕಡಾ ಡಿಎಂಎಸ್‌ಓ ಕೂಡ ಬೀಳುತ್ತದೆ, ಅದನ್ನು ಕೋಶಗಳು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಆದರೆ ಅದೇ ಸ್ಟಾಕಿನಿಂದ 100 ಮೈಕ್ರೋಮೋಲಾರ್ ಪರೀಕ್ಷಿಸಲು ಹೊರಟರೆ ಡಿಎಂಎಸ್‌ಓ 1 ಶೇಕಡಾ ಆಗುತ್ತದೆ, ಹಲವು ಕೋಶಗಳಿಗೆ ಅಷ್ಟೇ ಪೆಟ್ಟು. ಪರೀಕ್ಷಾ ತಟ್ಟೆಯ ಪುಟ್ಟ ಗುಳಿಗಳು, ಅಂದರೆ ಬಾವಿಗಳು, ಎಲ್ಲದರಲ್ಲೂ ಡಿಎಂಎಸ್‌ಓ ಪ್ರಮಾಣ ಒಂದೇ ಇರಬೇಕು, ಬರೀ ಡಿಎಂಎಸ್‌ಓ ಹಾಕಿದ ಬಾವಿಗಳು ತಟ್ಟೆಯಲ್ಲಿ ಇರಲೇಬೇಕು. ಹೊರಗಿನ ಲ್ಯಾಬಿನಿಂದ ಬಂದ ವರದಿಯಲ್ಲಿ ಈ ಎರಡು ವಿಷಯ ನಮೂದಾಗಿರದಿದ್ದರೆ ಆ ವರದಿಯನ್ನು ನಂಬಬೇಡಿ ಎಂದು ವಿದ್ಯಾರ್ಥಿಗೆ ಹೇಳಿಕೊಡಬೇಕು.

ಎಂಟಿಟಿ ಪರೀಕ್ಷೆ ಪೂರ್ತಿ ರಸಾಯನಶಾಸ್ತ್ರವೇ. ಹಳದಿ ಟೆಟ್ರಜೋಲಿಯಂ ಲವಣ ಜೀವಂತ ಕೋಶದಲ್ಲಿ ಅಪಕರ್ಷಣೆಗೊಂಡು ನೇರಳೆ ಫಾರ್ಮಜಾನ್ ಆಗುತ್ತದೆ; ಅದನ್ನು ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದುತ್ತಾರೆ. 96 ಬಾವಿಗಳ ತಟ್ಟೆ, ಬಾವಿಗೆ ಸುಮಾರು 5,000 ಕೋಶ, ಅಂಟಿಕೊಳ್ಳಲು ಒಂದು ದಿನ, ಸಂಯುಕ್ತದ ಜೊತೆ ಎರಡು ಮೂರು ದಿನ, ಆಮೇಲೆ ಎಂಟಿಟಿ. ಸಂಯುಕ್ತವೇ ಅಪಕರ್ಷಕವಾಗಿದ್ದರೆ ಕೋಶವಿಲ್ಲದೆಯೂ ನೇರಳೆ ಬಣ್ಣ ಬರುತ್ತದೆ. ಥಯಾಲ್‌ಗಳು (ಗಂಧಕ-ಹೈಡ್ರೋಜನ್ ಗುಂಪಿನ ಸಂಯುಕ್ತಗಳು), ಆಸ್ಕಾರ್ಬಿಕ್ ಆಮ್ಲ, ಹಲವು ಪಾಲಿಫೀನಾಲ್‌ಗಳು ಹೀಗೆ ಮಾಡುತ್ತವೆ. ಆಗ ಸತ್ತ ಕೋಶಗಳೂ ಬದುಕಿರುವಂತೆ ತೋರುತ್ತವೆ. ಕೋಶ ಹಾಕದೆ ಸಂಯುಕ್ತ ಮತ್ತು ಎಂಟಿಟಿ ಮಾತ್ರ ಹಾಕಿದ ಮೂರು ಬಾವಿಗಳಿದ್ದರೆ ಈ ಮೋಸ ಬಯಲಾಗುತ್ತದೆ. ತಟ್ಟೆಯ ಅಂಚಿನ 36 ಬಾವಿಗಳಿಂದ ನೀರು ಹೆಚ್ಚು ಆವಿಯಾಗುವುದರಿಂದ ಅಲ್ಲಿ ಬರೀ ಬಫರ್ ತುಂಬಿ, ಒಳಗಿನ 60 ಬಾವಿಗಳಲ್ಲಿ ಪ್ರಯೋಗ ಮಾಡುವುದು ಒಳ್ಳೆಯದು. ಎಂಟಿಟಿ ಹಾಕುವ ಮೊದಲು ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಒಮ್ಮೆ ನೋಡಬೇಕು. ಸೂಜಿಯಂಥ ಹರಳುಗಳು ಕಂಡರೆ ಸಂಯುಕ್ತ ಕರಗಿಯೇ ಇಲ್ಲ. ಆ ಸಾಂದ್ರತೆ ಮತ್ತು ಅದಕ್ಕಿಂತ ಹೆಚ್ಚಿನ ಸಾಂದ್ರತೆಗಳ ಅಂಕಿಗಳಿಗೆಲ್ಲ ಅರ್ಥವಿಲ್ಲ. ಐಸಿ50ರ (ಪರಿಣಾಮ ಅರ್ಧಕ್ಕೆ ತಲುಪುವ ಸಾಂದ್ರತೆಯ) ಲೆಕ್ಕಕ್ಕೆ ಎಂಟರಿಂದ ಹತ್ತು ಸಾಂದ್ರತೆ, ಮೂರು ಪಟ್ಟಿನ ಇಳಿಕೆ, ಪ್ರತಿಯೊಂದಕ್ಕೂ ಮೂರು ಬಾವಿ, ಇಡೀ ಪ್ರಯೋಗ ಬೇರೆ ಬೇರೆ ದಿನ ಮೂರು ಸಲ ಬೇಕು. ಮೂರು ಬಿಂದುಗಳ ಮೇಲೆ ಎಳೆದ ವಕ್ರರೇಖೆಯಿಂದ ದಶಮಾಂಶದ ಎರಡನೇ ಸ್ಥಾನದವರೆಗೆ ಐಸಿ50 ಬರೆಯುವುದನ್ನು ನಮ್ಮ ಪರೀಕ್ಷಕರು ಇನ್ನಾದರೂ ಪ್ರಶ್ನಿಸಬೇಕು. ಸಂಯುಕ್ತ ಕ್ಯಾನ್ಸರ್ ಕೋಶವನ್ನು ಕೊಂದಿತು ಎಂಬುದಷ್ಟೇ ದೊಡ್ಡ ಸಂಗತಿ ಅಲ್ಲ. ಅದೇ ಸಾಂದ್ರತೆಯಲ್ಲಿ ಆರೋಗ್ಯವಂತ ಕೋಶ ಉಳಿಯಿತೇ, ಕೋಶದೊಳಗಿನ ಯಾವ ಪ್ರೋಟೀನಿಗೆ ಹೋಗಿ ಕೂತಿತು ಎಂಬಲ್ಲಿಂದ ಸಂಶೋಧನೆ ಶುರುವಾಗುತ್ತದೆ.

ಅಗರ್ ತಟ್ಟೆಯ ವರ್ತುಲದ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ವರ್ತುಲದ ಅಗಲ ಸಂಯುಕ್ತ ಅಗರ್‌ನಲ್ಲಿ ಎಷ್ಟು ಹರಡಿತು ಎಂಬುದನ್ನೂ ಅವಲಂಬಿಸಿದೆ. ನೀರಿನಲ್ಲಿ ಕರಗದ ಒಳ್ಳೆಯ ಸಂಯುಕ್ತಕ್ಕಿಂತ ಕರಗುವ ಸಾಧಾರಣ ಸಂಯುಕ್ತ ದೊಡ್ಡ ವರ್ತುಲ ಕೊಟ್ಟೀತು. ಎರಡು ಬೇರೆ ಅಣುಗಳನ್ನು ಮಿಲಿಮೀಟರಿನಲ್ಲಿ ಹೋಲಿಸುವುದನ್ನು ಬಿಟ್ಟು, ದ್ರವ ಮಾಧ್ಯಮದಲ್ಲಿ ಎರಡು ಪಟ್ಟಿನಂತೆ ತೆಳು ಮಾಡುತ್ತಾ ಎಂಐಸಿ, ಅಂದರೆ ಬೆಳವಣಿಗೆ ತಡೆಯುವ ಅತಿ ಕಡಿಮೆ ಸಾಂದ್ರತೆ, ಕಂಡುಹಿಡಿಯಬೇಕು. ಅದೇ ಬ್ಯಾಕ್ಟೀರಿಯಾ, ಅದೇ ಇನ್‌ಕ್ಯುಬೇಟರ್, ಖರ್ಚೂ ಹೆಚ್ಚೇನಿಲ್ಲ.

ಸೆಲ್ ಕಲ್ಚರ್ ಸೌಲಭ್ಯ ಇಲ್ಲದ ವಿಭಾಗಗಳು ಏನು ಮಾಡಬೇಕು? ಈ ಪ್ರಶ್ನೆ ಬರುವುದು ಸಹಜ. ನಮ್ಮ ಉತ್ತರ: ಕೋಶಗಳೇ ಬೇಡ, ಇರುವ ಉಪಕರಣಗಳಲ್ಲೇ ಔಷಧ ರಸಾಯನಶಾಸ್ತ್ರದ ಅಸಲಿ ಪ್ರಯೋಗಗಳನ್ನು ಮಾಡಿಸಬಹುದು. ಯುವಿ ಸ್ಪೆಕ್ಟ್ರೋಫೋಟೋಮೀಟರ್, ಒಂದು ಎಚ್‌ಪಿಎಲ್‌ಸಿ, ಪಿಎಚ್ ಮೀಟರ್, ನೀರಿನ ಬಾತ್ ಮತ್ತು ಚಿಕ್ಕ ಸೆಂಟ್ರಿಫ್ಯೂಜ್ ಸಾಕು.

ಕರಗುವಿಕೆಯಿಂದ ಶುರು ಮಾಡಿ. 10 ಮಿಲಿಮೋಲಾರ್ ಸ್ಟಾಕಿನ 20 ಮೈಕ್ರೋಲೀಟರನ್ನು ಪಿಎಚ್ 7.4ರ ಫಾಸ್ಫೇಟ್ ಬಫರಿನ 980 ಮೈಕ್ರೋಲೀಟರಿಗೆ ಹಾಕಿ, ಎರಡು ಗಂಟೆ ಅಲುಗಾಡಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವದಲ್ಲಿ ಎಷ್ಟಿದೆ ಎಂದು ಅಳೆಯಬೇಕು. ಪೂರ್ತಿ ಕರಗಿದ್ದರೆ 200 ಮೈಕ್ರೋಮೋಲಾರ್ ಬರಬೇಕು. ನಾಲ್ಕು ಬೆಂಜೀನ್ ಉಂಗುರಗಳ ಚಪ್ಪಟೆ ಅಣುಗಳಲ್ಲಿ ಹಲವು ಇಲ್ಲಿ 5 ಮೈಕ್ರೋಮೋಲಾರ್ ಕೂಡ ದಾಟುವುದಿಲ್ಲ. ತನ್ನ ಅಣುವಿನ ಈ ಅಂಕಿ ಕಂಡ ವಿದ್ಯಾರ್ಥಿಗೆ ಮುಂದಿನ ಸಲ ಎಲ್ಲಿ ನೀರಿಗೆ ಒಗ್ಗುವ ಒಂದು ಮಾರ್ಫೋಲಿನ್ ಉಂಗುರ ಕೂರಿಸಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಫಿಲ್ಟರ್ ಬಳಸುವುದಾದರೆ ಮೊದಲು ಇಳಿದ ಕೆಲವು ಹನಿಗಳನ್ನು ಚೆಲ್ಲಬೇಕು, ಏಕೆಂದರೆ ಜಿಡ್ಡಿನ ಅಣುಗಳು ಫಿಲ್ಟರಿಗೇ ಅಂಟಿಕೊಳ್ಳುತ್ತವೆ.

ಎರಡನೆಯದು ಸ್ಥಿರತೆ. ಶಿಫ್ ಬೇಸನ್ನು ಅದೇ ಬಫರಿನಲ್ಲಿ 37 ಡಿಗ್ರಿಯಲ್ಲಿ ಇಟ್ಟು, 0, 1, 4, 24 ಗಂಟೆಗಳಿಗೆ ಎಚ್‌ಪಿಎಲ್‌ಸಿಗೆ ಹಾಕಿ. ನೀರು ಇಮೈನ್ ಬಂಧವನ್ನು ಒಡೆದು ಮೂಲದ ಆಲ್ಡಿಹೈಡ್ ಮತ್ತು ಅಮೈನ್ ಹೊರಬರುವುದನ್ನು ಎಷ್ಟೋ ಸಂಯುಕ್ತಗಳಲ್ಲಿ ಕಣ್ಣಾರೆ ನೋಡಬಹುದು. ಹಾಗಾದರೆ 48 ಗಂಟೆಯ ಎಂಟಿಟಿ ಪರೀಕ್ಷೆಯಲ್ಲಿ ಕೋಶವನ್ನು ಕೊಂದದ್ದು ಯಾವುದು? ಆಲ್ಡಿಹೈಡನ್ನೂ ಅಮೈನನ್ನೂ ಬೇರೆಯಾಗಿ ಪರೀಕ್ಷಿಸದೆ ಉತ್ತರ ಸಿಗದು.

ಚಾಲ್ಕೋನಿಗೆ ಬೇರೆ ಪರೀಕ್ಷೆ ಬೇಕು. ಅದು ಮೈಕೆಲ್ ಅಕ್ಸೆಪ್ಟರ್, ಅಂದರೆ ಥಯಾಲ್‌ಗಳಿಗೆ ಅಂಟಿಕೊಳ್ಳುವ ಅಣು. ನಮ್ಮ ಕೋಶಗಳಲ್ಲಿ 1ರಿಂದ 10 ಮಿಲಿಮೋಲಾರ್ ಗ್ಲುಟಾಥಯೋನ್ ಎಂಬ ಥಯಾಲ್ ಇದೆ. 100 ಮೈಕ್ರೋಮೋಲಾರ್ ಚಾಲ್ಕೋನಿಗೆ 5 ಮಿಲಿಮೋಲಾರ್ ಗ್ಲುಟಾಥಯೋನ್ ಸೇರಿಸಿ ಎಷ್ಟು ಹೊತ್ತಿಗೆ ಅರ್ಧ ಖಾಲಿಯಾಗುತ್ತದೆ ಎಂದು ನೋಡಿ. ಕಂಡಕಂಡ ಥಯಾಲಿಗೆಲ್ಲ ಅಂಟಿಕೊಳ್ಳುವ ಅಣು ಒಂದು ನಿರ್ದಿಷ್ಟ ಪ್ರೋಟೀನಿಗೆ ಔಷಧವಾಗುವುದು ಕಷ್ಟ. ಬೇಕೆಂದೇ ಹಿತಮಿತವಾಗಿ ಪ್ರತಿಕ್ರಿಯಿಸುವ ಅಣುಗಳನ್ನು ವಿನ್ಯಾಸ ಮಾಡುವ ವಿದ್ಯೆಯೂ ಇದೆ. ಅದು ಶುರುವಾಗುವುದು ಈ ಅಳತೆಯಿಂದಲೇ.

ಕಿಣ್ವದ ಪ್ರಯೋಗ ಬೇಕಿದ್ದರೆ ಅಸಿಟೈಲ್‌ಕೋಲಿನ್‌ಎಸ್ಟರೇಸಿನ ಎಲ್‌ಮನ್ ವಿಧಾನ ಒಳ್ಳೆಯದು. ಕಿಣ್ವ ಬಿಡುಗಡೆ ಮಾಡುವ ಥಯೋಕೋಲಿನ್ ಎಂಬ ಥಯಾಲ್ ಎಲ್‌ಮನ್ ಕಾರಕದೊಂದಿಗೆ ಕೊಡುವ ಹಳದಿ ಬಣ್ಣವನ್ನು 412 ನ್ಯಾನೋಮೀಟರಿನಲ್ಲಿ ಓದಬೇಕು ಅಷ್ಟೇ. ಅದರಲ್ಲಿ ಎರಡು ಮೋಸಗಳನ್ನು ಬೇಕೆಂದೇ ತೋರಿಸಿಕೊಡಿ. ಕೆಲವು ಸಂಯುಕ್ತಗಳು ನೀರಿನಲ್ಲಿ ಕಣ್ಣಿಗೆ ಕಾಣದ ಮುದ್ದೆಗಳಾಗಿ ಕಿಣ್ವವನ್ನು ಮೇಲ್ಮೈಗೆ ಅಂಟಿಸಿಕೊಂಡು ಬಿಡುತ್ತವೆ. 0.01 ಶೇಕಡಾ ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಸೇರಿಸಿದಾಗ ಪ್ರತಿಬಂಧ ಮಾಯವಾದರೆ ಅಲ್ಲಿ ಆಗಿದ್ದು ಅದೇ. ಇನ್ನೊಂದು ಮೇಲೆ ಹೇಳಿದ ಚಾಲ್ಕೋನಿನದು. ಕಿಣ್ವ ಬಿಡುಗಡೆ ಮಾಡಿದ ಥಯೋಕೋಲಿನನ್ನು ಚಾಲ್ಕೋನ್ ತಾನೇ ನುಂಗಿದರೆ ಹಳದಿ ಕಡಿಮೆಯಾಗುತ್ತದೆ, ಕಿಣ್ವ ಮಾತ್ರ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಡಾಕಿಂಗಿಗೂ ಇಂಥದೇ ಕಡಿವಾಣ ಬೇಕು. ಸ್ಫಟಿಕ ರಚನೆಯಲ್ಲಿ ಇರುವ ಮೂಲ ಲಿಗ್ಯಾಂಡನ್ನು, ಅಂದರೆ ಪ್ರೋಟೀನಿಗೆ ಅಂಟಿರುವ ಅಣುವನ್ನು, ಹೊರತೆಗೆದು ಮತ್ತೆ ಡಾಕ್ ಮಾಡಿ, ಅದು ತನ್ನ ಜಾಗಕ್ಕೆ 2 ಆಂಗ್‌ಸ್ಟ್ರಾಮ್ ಒಳಗೆ ಮರಳದಿದ್ದರೆ ಉಳಿದ ಅಂಕಿಗಳನ್ನು ಬರೆಯುವುದೇ ಬೇಡ.

ಈ ಕಲಿಕೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. ಅಸ್ಟ್ರಾಜೆನೆಕಾ ಕಂಪನಿಯ ಬೆಂಗಳೂರು ಸಂಶೋಧನಾ ಕೇಂದ್ರ 2014ರಲ್ಲಿ ಮುಚ್ಚಿತು. ಅದಕ್ಕೆ ಮೊದಲು ಅಲ್ಲಿ ಕ್ಷಯರೋಗದ ಔಷಧಕ್ಕಾಗಿ 1,4-ಅಜಾಇಂಡೋಲ್ ಎಂಬ ಅಣುಸರಣಿ ಹುಟ್ಟಿತ್ತು. ಅದು ಕ್ಷಯದ ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಲು ಬಳಸುವ ಡಿಪಿಆರ್‌ಇ1 ಕಿಣ್ವವನ್ನು ತಡೆಯುತ್ತದೆ. ಶಕ್ತಿ ಚೆನ್ನಾಗಿಯೇ ಇತ್ತು. ತೊಡಕು ಇದ್ದದ್ದು ಎರಡು ಕಡೆ: ಇಲಿಯ ದೇಹದಲ್ಲಿ ಅಣು ಬೇಗ ಒಡೆದುಹೋಗುತ್ತಿತ್ತು, ಜೊತೆಗೆ ಕಣ್ಣಿನ ಅಕ್ಷಿಪಟಲದಲ್ಲಿರುವ ಪಿಡಿಇ6 ಎಂಬ ಕಿಣ್ವವನ್ನೂ ತಡೆಯುತ್ತಿತ್ತು. ಕ್ಷಯದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಕು. ದೃಷ್ಟಿಗೆ ಅಪಾಯ ತರಬಹುದಾದ ಅಣುವನ್ನು ಮುಂದೆ ಒಯ್ಯುವಂತಿರಲಿಲ್ಲ. ಆ ತಂಡ ಉಂಗುರದ ಸುತ್ತಲ ಗುಂಪುಗಳನ್ನು ಒಂದೊಂದಾಗಿ ಬದಲಿಸಿ ಎರಡೂ ದೋಷಗಳನ್ನು ನೀಗಿಸಿದ ವಿವರ 2014ರಲ್ಲಿ ಪ್ರಕಟವಾಗಿದೆ. ಆ ಸರಣಿಯಿಂದ ಬಂದ ಟಿಬಿಎ-7371 ಮನುಷ್ಯರ ಮೇಲಿನ ಪ್ರಯೋಗದವರೆಗೆ ತಲುಪಿತು. ಇಲ್ಲಿ ಕೆಮಿಸ್ಟ್ ಮಾಡಿದ ಕೆಲಸ ಗಮನಿಸಿ. ಪ್ರತಿ ವಾರ ಐದು ಬಗೆಯ ಅಂಕಿಗಳು ಅವರ ಮುಂದೆ ಬರುತ್ತವೆ: ಬ್ಯಾಕ್ಟೀರಿಯಾ ಮೇಲಿನ ಶಕ್ತಿ, ಕರಗುವಿಕೆ, ಲಿವರಿನಲ್ಲಿ ಒಡೆಯುವ ವೇಗ, ಬೇರೆ ಕಿಣ್ವಗಳ ಮೇಲಿನ ಪರಿಣಾಮ, ಇಲಿಯ ರಕ್ತದಲ್ಲಿ ಉಳಿಯುವ ಹೊತ್ತು. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಆ ಐದನ್ನೂ ಒಟ್ಟಿಗೆ ಹಿಡಿದು, ಮುಂದಿನ ಅಣು ಯಾವುದು ಎಂದು ತೀರ್ಮಾನಿಸಬೇಕು.

ಲಿವರಿನಲ್ಲಿ ಒಡೆಯುವ ವೇಗ ಅಳೆಯುವ ಪರೀಕ್ಷೆಯೂ ಕೆಮಿಸ್ಟ್‌ಗೆ ಒಗ್ಗುವಂಥದ್ದೇ. 1 ಮೈಕ್ರೋಮೋಲಾರ್ ಸಂಯುಕ್ತ, ಮಿಲಿಲೀಟರಿಗೆ 0.5 ಮಿಲಿಗ್ರಾಂ ಲಿವರ್ ಮೈಕ್ರೋಸೋಮ್ (ಔಷಧ ಒಡೆಯುವ ಕಿಣ್ವಗಳಿರುವ ಲಿವರ್ ಕೋಶದ ಭಾಗ) ಪ್ರೋಟೀನ್, ಆ ಕಿಣ್ವಗಳಿಗೆ ಬೇಕಾದ 1 ಮಿಲಿಮೋಲಾರ್ ಎನ್‌ಎಡಿಪಿಎಚ್, 37 ಡಿಗ್ರಿ. 0, 5, 15, 30, 60 ನಿಮಿಷಗಳಿಗೆ ಸ್ವಲ್ಪ ತೆಗೆದು ತಣ್ಣನೆಯ ಅಸಿಟೋನೈಟ್ರೈಲಿಗೆ ಹಾಕಿದರೆ ಕ್ರಿಯೆ ನಿಲ್ಲುತ್ತದೆ, ಆಮೇಲೆ ಬೇರ್ಪಡಿಸಿ ದ್ರವ್ಯರಾಶಿ ಅಳೆಯುವ ಎಲ್‌ಸಿ-ಎಂಎಸ್. ಎನ್‌ಎಡಿಪಿಎಚ್ ಹಾಕದ ಒಂದು ನಳಿಕೆಯೂ ಇರಬೇಕು. ಅದರಲ್ಲೂ ಸಂಯುಕ್ತ ಕಡಿಮೆಯಾದರೆ ಒಡೆದದ್ದು ಸೈಟೋಕ್ರೋಮ್ ಕಿಣ್ವಗಳಿಂದಲ್ಲ, ಸಂಯುಕ್ತವೇ ಅಸ್ಥಿರವಾಗಿರಬಹುದು ಅಥವಾ ಪ್ಲಾಸ್ಟಿಕ್ಕಿಗೆ ಅಂಟಿರಬಹುದು. ದ್ರವ್ಯರಾಶಿ 16 ಹೆಚ್ಚಾದರೆ ಆಮ್ಲಜನಕ ಸೇರಿದೆ, 14 ಕಡಿಮೆಯಾದರೆ ಮೀಥೈಲ್ ಹೋಗಿದೆ. ಹೋದ ಮೀಥೈಲ್ ಎಲ್ಲಿಯದು ಎಂದು ಗುರುತಿಸಿ, ಅಲ್ಲೊಂದು ಫ್ಲೋರೀನ್ ಇಡುವುದೋ ಉಂಗುರ ಮುಚ್ಚುವುದೋ ಎಂದು ಯೋಚಿಸುವುದು ಸಿಂಥೆಸಿಸ್ ಕಲಿತವರಿಗೆ ಮಾತ್ರ ಬರುವ ವಿದ್ಯೆ.

ಹಾದಿ ಇದೊಂದೇ ಅಲ್ಲ. ಸಿಂಥೆಸಿಸ್ ಇಷ್ಟವಿಲ್ಲದವರಿಗೆ, ರೋಗಿಗಳ ಪ್ಲಾಸ್ಮಾದಲ್ಲಿ ಔಷಧದ ಪ್ರಮಾಣ ಅಳೆಯುವ ಬಯೋಅನಾಲಿಟಿಕಲ್ ಕೆಲಸವಿದೆ. ಇದರ ಅಂತರರಾಷ್ಟ್ರೀಯ ಮಾರ್ಗಸೂಚಿ, ಐಸಿಎಚ್ ಎಂ10, ಬಂದದ್ದು 2022ರಲ್ಲಿ. ಅಳತೆ ನಿಜವಾದ ಬೆಲೆಯ 15 ಶೇಕಡಾ ಒಳಗಿರಬೇಕು, ತೀರಾ ಕೆಳಗಿನ ಮಿತಿಯಲ್ಲಿ ಮಾತ್ರ 20. ಪ್ಲಾಸ್ಮಾದ ಫಾಸ್ಫೋಲಿಪಿಡ್‌ಗಳು ಔಷಧದ ಜೊತೆಯೇ ಕಾಲಮ್ಮಿನಿಂದ ಹೊರಬಂದು ಅದರ ಸಿಗ್ನಲ್ ಕುಗ್ಗಿಸುವುದು ಇಲ್ಲಿ ನಿತ್ಯದ ತಲೆನೋವು. ಡ್ಯೂಟೀರಿಯಂ ಸೇರಿಸಿದ ಅದೇ ಅಣುವನ್ನು ಆಂತರಿಕ ಮಾನಕವಾಗಿ ಬಳಸುವುದು ಅದಕ್ಕೆ ಪರಿಹಾರ.

ಆಸ್ಪತ್ರೆಯ ಒಳಗೇ ಕೆಲಸ ಮಾಡುವ ಕೆಮಿಸ್ಟ್‌ಗಳೂ ಇದ್ದಾರೆ, ಈ ವಿಷಯ ನಮ್ಮ ವಿದ್ಯಾರ್ಥಿಗಳ ಕಿವಿಗೆ ಬೀಳುವುದೇ ಅಪರೂಪ. ಪೆಟ್ ಸ್ಕ್ಯಾನಿಗೆ ಬೇಕಾದ ಎಫ್‌ಡಿಜಿ ಎಂಬ ವಿಕಿರಣಶೀಲ ಸಕ್ಕರೆಯಲ್ಲಿರುವ ಫ್ಲೋರೀನ್-18ರ ಅರ್ಧಾಯುಷ್ಯ 110 ನಿಮಿಷ. ಸೈಕ್ಲೋಟ್ರಾನಿನಿಂದ ಬಂದ ಫ್ಲೋರೈಡಿನ ನೀರನ್ನು ಅಸಿಟೋನೈಟ್ರೈಲ್ ಜೊತೆ ಪೂರ್ತಿ ಒಣಗಿಸಿ, ಫ್ಲೋರೈಡನ್ನು ಕ್ರಿಯಾಶೀಲವಾಗಿಸುವ ಕ್ರಿಪ್ಟೋಫಿಕ್ಸ್ ನೆರವಿನಿಂದ ಮ್ಯಾನೋಸ್ ಟ್ರೈಫ್ಲೇಟಿನ ಮೇಲೆ ಎಸ್‌ಎನ್2 ಕ್ರಿಯೆ (ಒಂದು ಗುಂಪನ್ನು ಹೊರದೂಡಿ ಇನ್ನೊಂದು ಕೂರುವುದು) ನಡೆಸಿ, ರಕ್ಷಕ ಗುಂಪು ತೆಗೆದು, ಶುದ್ಧಮಾಡಿ, ಪಿಎಚ್ ನೋಡಿ, ಕ್ರಿಪ್ಟೋಫಿಕ್ಸ್ ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಮೀರಿಲ್ಲ ಎಂದು ಖಾತ್ರಿ ಮಾಡಿಕೊಂಡು ಅಂದೇ ರೋಗಿಗೆ ಕೊಡಬೇಕು. ನೀರು ಸ್ವಲ್ಪ ಉಳಿದರೂ ಫ್ಲೋರೈಡ್ ಕ್ರಿಯೆಗೆ ಬಾರದು, ಇಳುವರಿ ಕುಸಿಯುತ್ತದೆ. ಸ್ಟೆರಿಲಿಟಿ ಪರೀಕ್ಷೆಗೆ 14 ದಿನ ಬೇಕು, ಅಷ್ಟರಲ್ಲಿ ಔಷಧವೇ ಇರುವುದಿಲ್ಲ. ಆದ್ದರಿಂದ ಇಡೀ ಪ್ರಕ್ರಿಯೆಯನ್ನೇ ಮೊದಲೇ ದೃಢೀಕರಿಸಿರಬೇಕು. ತರಗತಿಯಲ್ಲಿ ಕಲಿಸುವ ಎಸ್‌ಎನ್2 ಇದೇ. ಪಾಠ ಮಾಡುವಾಗ ಈ ಉದಾಹರಣೆಯನ್ನು ಕೊಡಬಾರದೇಕೆ?

ಔಷಧ ಮಾರುಕಟ್ಟೆಗೆ ಬಂದ ಮೇಲೂ ಕೆಮಿಸ್ಟ್‌ನ ಜವಾಬ್ದಾರಿ ಮುಗಿಯುವುದಿಲ್ಲ. ರಕ್ತದೊತ್ತಡದ ಮಾತ್ರೆ ವಾಲ್‌ಸಾರ್ಟಾನಿನ ಹಲವು ಬ್ಯಾಚ್‌ಗಳನ್ನು 2018ರಲ್ಲಿ ಹಲವು ದೇಶಗಳು ಹಿಂತೆಗೆದುಕೊಳ್ಳಬೇಕಾಯಿತು. ಆ ಬ್ಯಾಚ್‌ಗಳಲ್ಲಿ, ಅಜೈಡಿನಿಂದ ಟೆಟ್ರಜೋಲ್ ಉಂಗುರ ಕಟ್ಟುವ ಹಂತದ ದ್ರಾವಕ ಡಿಎಂಎಫ್. ಅದರಲ್ಲಿ ಅಲ್ಪಸ್ವಲ್ಪ ಡೈಮೀಥೈಲ್ ಅಮೈನ್ ಇರುತ್ತದೆ, ಬಿಸಿಗೆ ಇನ್ನಷ್ಟು ಹುಟ್ಟುತ್ತದೆ. ಉಳಿದ ಅಜೈಡನ್ನು ನಾಶ ಮಾಡಲು ಸೋಡಿಯಂ ನೈಟ್ರೈಟ್ ಹಾಕಿದರು. ನೈಟ್ರಸ್ ಆಮ್ಲ ಮತ್ತು ದ್ವಿತೀಯಕ ಅಮೈನ್ ಸೇರಿದರೆ ಏನಾಗುತ್ತದೆ ಎಂಬುದು ಬಿ.ಎಸ್ಸಿ ಪರೀಕ್ಷೆಯ ಪ್ರಶ್ನೆ: ನೈಟ್ರೋಸಮೀನ್, ಇಲ್ಲಿ ಎನ್‌ಡಿಎಂಎ, ಕ್ಯಾನ್ಸರ್ ತರಬಲ್ಲದ್ದು. ದಿನದ ಮಿತಿ 96 ನ್ಯಾನೋಗ್ರಾಂ. ದಿನಕ್ಕೆ 320 ಮಿಲಿಗ್ರಾಂ ವಾಲ್‌ಸಾರ್ಟಾನ್ ಸೇವಿಸುವವರ ಲೆಕ್ಕದಲ್ಲಿ ಅದು 0.3 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 0.3 ಪಾಲು. ಸಾಮಾನ್ಯ ಎಚ್‌ಪಿಎಲ್‌ಸಿ ಇಷ್ಟು ಸಣ್ಣ ಪ್ರಮಾಣವನ್ನು ಕಾಣದು. ಕಾಗದದ ಮೇಲೆ ಕ್ರಿಯೆಯ ಹಂತಗಳನ್ನು ಬರೆದು, ಯಾವುದರ ಜೊತೆ ಯಾವುದು ಸೇರೀತು ಎಂದು ಕೂತು ಯೋಚಿಸಿದ್ದರೆ ಇದು ಮೊದಲೇ ಹೊಳೆಯಬೇಕಿತ್ತು. ಕಲ್ಮಶಗಳನ್ನು ಹೀಗೆ ಮುಂಚಿತವಾಗಿ ಊಹಿಸುವ ಕೆಲಸಕ್ಕೆ ಕಂಪನಿಗಳಲ್ಲಿ ಈಗ ಪ್ರತ್ಯೇಕ ಜನರೇ ಇದ್ದಾರೆ. ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಒಂದು ಔಷಧದ ಸಿಂಥೆಸಿಸ್ ಮಾರ್ಗ ಕೊಟ್ಟು, ಇದರಲ್ಲಿ ಹುಟ್ಟಬಹುದಾದ ಅಪಾಯಕಾರಿ ಕಲ್ಮಶ ಯಾವುದು ಎಂದು ಕೇಳುವುದಕ್ಕೆ ಯಾವ ಖರ್ಚೂ ಇಲ್ಲ.

ವಿದ್ಯಾರ್ಥಿಗಳ ಮುಂದಿರುವ ಆಯ್ಕೆಗಳನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅವರು ಮೊದಲು ಸಲಹೆ ಕೇಳುವುದು ತಮ್ಮ ವಿಭಾಗದ ಮೇಷ್ಟ್ರುಗಳನ್ನೇ. ಎಂ.ಎಸ್ಸಿ ಮುಗಿಸಿ ಬೆಂಗಳೂರಿನ ಗುತ್ತಿಗೆ ಸಂಶೋಧನಾ ಕಂಪನಿಗಳಿಗೆ ಸೇರುವವರು ಬಹಳ. ಕೈ ಪಳಗುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಆದರೆ ಕೆಲವು ತಂಡಗಳಲ್ಲಿ ಬರೆದು ಕೊಟ್ಟ ಅಣುವನ್ನು ಮಾಡಿ ಕಳಿಸುವುದಷ್ಟೇ ಕೆಲಸ, ಅದರ ಜೈವಿಕ ಫಲಿತಾಂಶ ಇವರ ಕಣ್ಣಿಗೆ ಬೀಳುವುದಿಲ್ಲ. ಸಂದರ್ಶನದಲ್ಲೇ ಕೇಳಬೇಕು: ಪರೀಕ್ಷೆಯ ಫಲಿತಾಂಶ ಕೆಮಿಸ್ಟ್‌ಗಳ ತಂಡಕ್ಕೂ ಸಿಗುತ್ತದೆಯೇ, ಎರಡು ವರ್ಷದ ಮೇಲೆ ಮೆಡಿಸಿನಲ್ ಕೆಮಿಸ್ಟ್ರಿ ಅಥವಾ ಡಿಎಂಪಿಕೆ (ದೇಹದಲ್ಲಿ ಔಷಧಕ್ಕೆ ಏನಾಗುತ್ತದೆ ಎಂದು ಅಳೆಯುವ) ವಿಭಾಗಕ್ಕೆ ಹೋಗಲು ಅವಕಾಶವಿದೆಯೇ? ಅಣುವನ್ನು ತಾವೇ ವಿನ್ಯಾಸ ಮಾಡುವ ಹುದ್ದೆಗೆ ಏರಲು ಸಾಮಾನ್ಯವಾಗಿ ಪಿಎಚ್.ಡಿ ಬೇಕೇ ಬೇಕು.

ಪಿಎಚ್.ಡಿಗೆ ಹೋಗುವವರು ಸಿಎಸ್‌ಐಆರ್-ಯುಜಿಸಿ ನೆಟ್ ಅಥವಾ ಗೇಟ್ ಬರೆಯುತ್ತಾರೆ. ಜೆಆರ್‌ಎಫ್ ಸಂಶೋಧನಾ ವೇತನದ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ನೆಟ್ ಪಠ್ಯದಲ್ಲಿ ಮೆಡಿಸಿನಲ್ ಕೆಮಿಸ್ಟ್ರಿ ಅಂತರಶಿಸ್ತೀಯ ವಿಷಯಗಳ ಸಾಲಿನಲ್ಲಿ ಒಂದು ಹೆಸರು ಮಾತ್ರ. ಹಾಗಾಗಿ ಆ ಪರೀಕ್ಷೆಯ ತಯಾರಿ ಇದನ್ನು ಕಲಿಸದು. ಲ್ಯಾಬ್ ಆರಿಸುವಾಗ ಗೈಡ್ ಪ್ರಕಟಿಸಿದ ಸಂಶೋಧನಾ ಲೇಖನಗಳಲ್ಲಿ ಜೀವಶಾಸ್ತ್ರದ ಅಥವಾ ವೈದ್ಯಕೀಯದ ಅದೇ ಸಹ-ಲೇಖಕರು ಮತ್ತೆ ಮತ್ತೆ ಕಾಣುತ್ತಾರೆಯೇ ಎಂದು ನೋಡಬೇಕು. ವರ್ಷಕ್ಕೊಬ್ಬರು ಬದಲಾಗುತ್ತಿದ್ದರೆ ಅಲ್ಲಿ ಬಯಾಲಜಿ ಹೊರಗಿನಿಂದ ತರಿಸಿದ ವರದಿಯಷ್ಟೇ ಆಗಿರುವ ಸಾಧ್ಯತೆ ಹೆಚ್ಚು. ಯುಜಿಸಿಯ 2022ರ ಪಿಎಚ್.ಡಿ ನಿಯಮಗಳು ಅಂತರಶಿಸ್ತೀಯ ವಿಷಯಕ್ಕೆ ಬೇರೆ ವಿಭಾಗದ ಅಥವಾ ಬೇರೆ ಸಂಸ್ಥೆಯ ಸಹ-ಮಾರ್ಗದರ್ಶಕರನ್ನು ಒಪ್ಪುತ್ತವೆ. ಇದನ್ನು ನಮ್ಮ ವಿಭಾಗಗಳು ಧಾರಾಳವಾಗಿ ಬಳಸಿಕೊಳ್ಳಬೇಕು. ಹೊಸ ಲ್ಯಾಬಿಗೆ ಹೋದ ಕೆಮಿಸ್ಟ್ ಮೊದಲ ದಿನವೇ ತಿಳಿಯಬೇಕಾದ ಸುರಕ್ಷತೆಯ ಮಾತು ಒಂದಿದೆ. ಸೆಲ್ ಕಲ್ಚರಿನ ಬಯೋಸೇಫ್ಟಿ ಕ್ಯಾಬಿನೆಟ್ ನೋಡಲು ಫ್ಯೂಮ್‌ಹುಡ್ ತರಹ ಇದ್ದರೂ ಅದರ ಫಿಲ್ಟರ್ ಸೂಕ್ಷ್ಮಜೀವಿಗಳನ್ನು ಮತ್ತು ಕಣಗಳನ್ನು ಮಾತ್ರ ತಡೆಯುತ್ತದೆ. ದ್ರಾವಕದ ಆವಿಯನ್ನು ಒಳಗೇ ಸುತ್ತಿಸಿ ಕೋಣೆಗೆ ಬಿಡುತ್ತದೆ. ಅಲ್ಲಿ ಈಥರ್ ಬಾಟಲಿ ತೆರೆಯುವಂತಿಲ್ಲ.

ಈ ಹಾದಿ ಹಿಡಿದವರಿಗೆ ಮುಂದೆ ಕಾದಿರುವ ಆಡಳಿತದ ತೊಡಕು ಎರಡು. ಕೆಮಿಕಲ್ ಬಯಾಲಜಿಯಲ್ಲಿ ಪಿಎಚ್.ಡಿ ಮಾಡಿದವರು ರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದಾಗ ವಿಷಯ ಹೊಂದುವುದಿಲ್ಲ ಎಂದು ಪರಿಶೀಲನಾ ಸಮಿತಿಯಲ್ಲೇ ಅರ್ಜಿ ಬಿದ್ದುಹೋಗುವುದುಂಟು. ಯುಜಿಸಿಯ 2018ರ ನಿಯಮಗಳಲ್ಲಿ ಸಂಬಂಧಿತ ಮತ್ತು ಪೂರಕ ವಿಷಯಗಳಿಗೂ ಜಾಗ ಇದೆ. ಯಾವುದು ಪೂರಕ ಎಂಬ ಪಟ್ಟಿಯಲ್ಲಿ ಕೆಮಿಕಲ್ ಬಯಾಲಜಿ, ಮೆಡಿಸಿನಲ್ ಕೆಮಿಸ್ಟ್ರಿ, ರೇಡಿಯೋಫಾರ್ಮಸಿ ಈ ಮೂರನ್ನು ಸ್ಪಷ್ಟವಾಗಿ ಸೇರಿಸುವಂತೆ ಅಧ್ಯಯನ ಮಂಡಳಿಗಳೇ ಶಿಫಾರಸು ಮಾಡಬೇಕು. ಇನ್ನೊಂದು, ವೈದ್ಯಕೀಯ ಸಂಶೋಧನಾ ಯೋಜನೆಗಳ ನೇಮಕಾತಿ ಜಾಹೀರಾತಿನಲ್ಲಿ ಎಂ.ಎಸ್ಸಿ ಜೀವವಿಜ್ಞಾನ ಎಂದಷ್ಟೇ ಬರೆಯುವ ರೂಢಿ. ಮಾಸ್ ಸ್ಪೆಕ್ಟ್ರೋಮೀಟರ್ ನಡೆಸುವ ಹುದ್ದೆಗೂ ಹಾಗೆಯೇ ಬರೆದಿರುತ್ತಾರೆ. ಯೋಜನೆಯ ಮುಖ್ಯಸ್ಥರು ಅದರ ಪಕ್ಕದಲ್ಲಿ ರಸಾಯನಶಾಸ್ತ್ರವನ್ನೂ ಸೇರಿಸಿದರೆ ಅರ್ಜಿದಾರರು ಹೆಚ್ಚುತ್ತಾರೆ, ಕೆಲಸವೂ ಕೆಡುವುದಿಲ್ಲ.

ಉಪಕರಣಗಳ ವಿಷಯಕ್ಕೆ ಬಂದರೆ, ಬೆಂಗಳೂರಿನ ಐಐಎಸ್ಸಿಯಿಂದ ನಡೆಯುವ ಐ-ಸ್ಟೆಮ್ ಪೋರ್ಟಲ್ ಮೂಲಕ ದೇಶದ ಹಲವು ಸಂಸ್ಥೆಗಳ ಉಪಕರಣಗಳನ್ನು ಹೊರಗಿನವರೂ ಕಾಯ್ದಿರಿಸಬಹುದು. ಜಿಕೆವಿಕೆ ಆವರಣದ ಸಿ-ಕ್ಯಾಂಪ್ ಎಂಬ ಜೀವವಿಜ್ಞಾನ ಕೇಂದ್ರ ಕೂಡ ಹೊರಗಿನವರಿಗೆ ಸೇವೆ ಕೊಡುತ್ತದೆ. ಪಾಠಕ್ಕೆ ಅಧ್ಯಾಪಕರು ಸಿಗದ ಕಡೆ ಕೇಂದ್ರ ಸರ್ಕಾರದ ಸ್ವಯಂ ಆನ್‌ಲೈನ್ ಕೋರ್ಸುಗಳಿವೆ, 2021ರ ಯುಜಿಸಿ ನಿಯಮದಂತೆ 40 ಶೇಕಡಾ ಕ್ರೆಡಿಟ್‌ವರೆಗೆ ಅವನ್ನು ಒಪ್ಪಬಹುದು.

ಆದ್ದರಿಂದ ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಗೆ ನಾವು ಕೋರುವುದು ಇಷ್ಟು. ನಾಲ್ಕನೇ ಸೆಮಿಸ್ಟರಿನ ಆರ್ಗ್ಯಾನಿಕ್ ಪ್ರಾಯೋಗಿಕದಲ್ಲಿ ಕರಗುವಿಕೆ, ಬಫರಿನಲ್ಲಿ ಸ್ಥಿರತೆ, ಗ್ಲುಟಾಥಯೋನ್ ಜೊತೆಗಿನ ಪ್ರತಿಕ್ರಿಯೆ, ಟ್ರೈಟಾನ್ ಸಹಿತ ಕಿಣ್ವದ ಪ್ರಯೋಗ ಈ ನಾಲ್ಕನ್ನು ಸೇರಿಸಿ, ಅಷ್ಟೇ ಸಂಖ್ಯೆಯ ಹಳೆಯ ಏಕಹಂತದ ತಯಾರಿಕೆಗಳನ್ನು ಕೈಬಿಡಿ. ಜೈವಿಕ ಪರೀಕ್ಷೆ ಇರುವ ಪ್ರತಿ ಪ್ರಾಜೆಕ್ಟ್ ವರದಿಯಲ್ಲೂ ಎಚ್‌ಪಿಎಲ್‌ಸಿ ಶುದ್ಧತೆ, ಲವಣದ ರೂಪ, ಉಳಿದ ದ್ರಾವಕ, ಸ್ಟಾಕಿನ ಸಾಂದ್ರತೆ, ಕೊನೆಯ ಡಿಎಂಎಸ್‌ಓ ಪ್ರಮಾಣ, ಕೋಶವಿಲ್ಲದ ಬಾವಿಯ ಓದು ಇವುಗಳ ಒಂದು ಪುಟ ಕಡ್ಡಾಯವಾಗಲಿ. ಆರು ಸಂಯುಕ್ತ ಮಾಡಿ ಈ ಪುಟ ತುಂಬದವರಿಗಿಂತ, ಎರಡೇ ಸಂಯುಕ್ತ ಮಾಡಿ ಇದನ್ನು ಪೂರ್ತಿ ತುಂಬಿದವರಿಗೆ ಹೆಚ್ಚು ಅಂಕ ಸಿಗಲಿ. ತನ್ನ ಅಣು ಕೆಲಸ ಮಾಡಲಿಲ್ಲ ಎಂದು ಪುರಾವೆ ಸಹಿತ ತೋರಿಸಿದವರ ಅಂಕ ಕಡಿತವಾಗದಿರಲಿ. ಪ್ರಾಜೆಕ್ಟ್ ಮೌಖಿಕ ಪರೀಕ್ಷೆಗೆ ಔಷಧ ಸಂಶೋಧನೆಯಲ್ಲಿ ಕೆಲಸ ಮಾಡುವ ಒಬ್ಬರನ್ನಾದರೂ ಹೊರಗಿನ ಪರೀಕ್ಷಕರಾಗಿ ಕರೆಯಿರಿ.

ನಾಲ್ಕೂ ಪ್ರಯೋಗಗಳ ವಿಧಾನವನ್ನು ಬೇಕಾದ ರಾಸಾಯನಿಕಗಳ ಪಟ್ಟಿಯೊಂದಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಡಲು ಸಿದ್ಧರಿದ್ದೇವೆ. ಮೊದಲ ವರ್ಷ ಅಧ್ಯಾಪಕರಿಗೆ ಮತ್ತು ಲ್ಯಾಬ್ ಸಹಾಯಕರಿಗೆ ಅವನ್ನು ಅವರದೇ ವಿಭಾಗದಲ್ಲಿ ಮಾಡಿ ತೋರಿಸಲು ಬರುತ್ತೇವೆ.

ಇಂತಿ,
ಔಷಧ ಸಂಶೋಧನೆಯಲ್ಲಿ ತೊಡಗಿರುವ ರಸಾಯನಶಾಸ್ತ್ರಜ್ಞರು